ಜೂಡೋದಲ್ಲಿ ಮೂರು ತಗೊಂಡವನು ಸೋತ, ಒಂದು ತಗೊಂಡವನು ಗೆದ್ದ. ಇದ್ಯಾವ ಲೆಕ್ಕ?

ಸೋಫಾಪೈಲ್ವಾನ
ಜೂಡೋ ಗೊತ್ತಿರೋರು ಯಾರಾದ್ರೂ ಇದ್ದೀರಾ ಇಲ್ಲಿ? ನಿನ್ನೆ ರಾತ್ರಿ ಒಂದಾದ ಮೇಲೊಂದು ಪಂದ್ಯದ ವಿಡಿಯೋ ನೋಡ್ತಾ ಕೂತೆ, ತಲೆ ಕೆಟ್ಟೋಯ್ತು.

ಒಂದರಲ್ಲಿ ನೀಲಿ ಬಟ್ಟೆಯವನ ಹೆಸರಿನ ಮುಂದೆ 3 ಇದೆ, ಬಿಳಿಯವನ ಮುಂದೆ 1. ಟೈಮ್ ಮುಗೀತು, ರೆಫರಿ ಬಿಳಿಯವನ ಕಡೆ ಕೈ ಎತ್ತಿದ. ಇನ್ನೊಂದರಲ್ಲಿ ಇಬ್ಬರದೂ ಸೊನ್ನೆ, ಯಾರೂ ಯಾರನ್ನೂ ಕೆಡವೇ ಇಲ್ಲ, ಒಬ್ಬ ಇದ್ದಕ್ಕಿದ್ದ ಹಾಗೆ ಸೋತು ಹೊರಟ. ಮೂರನೇದರಲ್ಲಿ ಮುಂದಿದ್ದ ಹುಡುಗಿ ಒಂದೇ ಒಂದು ಸಲ ಬಿದ್ದಳು, ಪಂದ್ಯ ಖಲಾಸ್. ಅಲ್ಲಿವರೆಗೂ ಮಾಡಿದ್ದೆಲ್ಲ ನೀರಲ್ಲಿ ಹೋಮನಾ?

ಲೆಕ್ಕ ಗೊತ್ತಿಲ್ಲದೆ ನೋಡಿದ್ರೆ ಮಜಾನೇ ಇಲ್ಲ. ಯಾರಾದ್ರೂ ಬಿಡಿಸಿ ಹೇಳಿ.

ನೀಲಿಗೀ
ಪಾಯಿಂಟ್ ಕೂಡಿಸೋದನ್ನ ಮೊದಲು ಬಿಟ್ಟುಬಿಡಿ ಗುರೂ. ಜೂಡೋದಲ್ಲಿ ಸ್ಕೋರ್ ಕೂಡಿಸಲ್ಲ, ದರ್ಜೆ ನೋಡ್ತಾರೆ.

ಬೋರ್ಡಲ್ಲಿ ಪಕ್ಕಪಕ್ಕ ಕಾಲಂ ಇರತ್ತೆ: ಇಪ್ಪಾನ್, ವಜಾ-ಅರಿ, ಯೂಕೊ. ನೀವು ನೋಡಿದ 3 ಯೂಕೊ ಕಾಲಂದು, ಬಿಳಿಯವನ 1 ವಜಾ-ಅರಿ ಕಾಲಂದು. ಯೂಕೊ ಮೂರಾಗಲಿ ಎಂಟಾಗಲಿ, ಒಂದು ವಜಾ-ಅರಿ ಮುಂದೆ ನಿಲ್ಲಲ್ಲ. ಇಬ್ಬರದೂ ವಜಾ-ಅರಿ ಸಮ ಇದ್ರೆ ಮಾತ್ರ ಯೂಕೊ ಎಷ್ಟಿದೆ ಅಂತ ನೋಡ್ತಾರೆ.

ಇಪ್ಪಾನ್ ಬಿತ್ತು ಅಂದ್ರೆ ಪಂದ್ಯ ಅಲ್ಲಿಗೇ ಮುಗೀತು, ಗಡಿಯಾರದಲ್ಲಿ ಎಷ್ಟು ಉಳಿದಿದೆ ಅನ್ನೋದು ಲೆಕ್ಕಕ್ಕಿಲ್ಲ. ಎದುರಾಳಿಯನ್ನ ವೇಗವಾಗಿ, ಜೋರಾಗಿ, ಬೆನ್ನು ನೆಲಕ್ಕೆ ಬೀಳೋ ಹಾಗೆ ಎಸೀಬೇಕು, ಬಿದ್ದು ಮುಗಿಯೋವರೆಗೂ ಹಿಡಿತ ನಿಮ್ಮ ಕೈಲೇ ಇರಬೇಕು. ನಾಲ್ಕೂ ಸೇರಿದ್ರೆ ಇಪ್ಪಾನ್. ಅದರಲ್ಲಿ ಏನೋ ಒಂದು ಕಮ್ಮಿ ಬಿತ್ತು ಅಂದ್ರೆ ವಜಾ-ಅರಿ. ಪಕ್ಕೆ ಮೇಲೆ ಬಿದ್ದಾಗ ಮೈ ಎಷ್ಟು ಹಿಂದಕ್ಕೆ ವಾಲಿತ್ತು ಅನ್ನೋದರ ಮೇಲೆ ವಜಾ-ಅರಿಯೋ ಯೂಕೊನೋ ಅಂತ ತೀರ್ಮಾನ. ಹೊಟ್ಟೆ ಮೇಲೆ ಬಿದ್ರೆ ಏನೂ ಇಲ್ಲ, ಎಷ್ಟೇ ಚೆನ್ನಾಗಿ ಹಾರಿಸಿ ಒಗೆದಿದ್ರೂ.

ಅಲೆಮಾರಿ
ಅಷ್ಟೇ ಅಲ್ಲ ಮಾರಾಯ್ರೆ, ಎರಡು ಯೂಕೊ ಸೇರಿದ್ರೆ ಒಂದು ವಜಾ-ಅರಿ ಆಗ್ತದೆ.

ನೀಲಿಗೀ
ಆಗಲ್ಲ. ಎರಡು ವಜಾ-ಅರಿ ಸೇರಿದ್ರೆ ಇಪ್ಪಾನ್ ಆಗತ್ತೆ, ಅದು ಸರಿ. ಯೂಕೊ ಯಾವತ್ತೂ ಮೇಲಿನ ಮನೆಗೆ ಹತ್ತಲ್ಲ.

ಅಲೆಮಾರಿ
ನಾನು ಎಲ್ಲೋ ಓದಿದ್ದೇನೆ.

ಟೇಬಲ್_ಡ್ಯೂಟಿ
ಓದಿರಬಹುದು ಸಾರ್, ಆದ್ರೆ ಯಾವ ಕಾಲದ ರೂಲ್ಸಲ್ಲೂ ಹಾಗಿರಲಿಲ್ಲ.

ಗೊಂದಲ ಎಲ್ಲಿಂದ ಬರತ್ತೆ ಹೇಳ್ತೀನಿ. ಫಲಿತಾಂಶದ ಪಟ್ಟಿಯಲ್ಲಿ ಮೂರೂ ಕಾಲಂ ಒಟ್ಟಿಗೆ ಅಂಟಿಸಿ ಬರೀತಾರೆ. 010 ಅಂತ ಕಂಡ್ರೆ ಹತ್ತು ಅಂತ ಓದಬೇಡಿ. ಇಪ್ಪಾನ್ ಸೊನ್ನೆ, ವಜಾ-ಅರಿ ಒಂದು, ಯೂಕೊ ಸೊನ್ನೆ. 100 ಅಂದ್ರೆ ಇಪ್ಪಾನ್. ಸೋಫಾಪೈಲ್ವಾನ್ ಸಾರ್ ನೋಡಿದ ಪಂದ್ಯ 010 ವಿರುದ್ಧ 003. ಹೀಗೆ ಬರೆದು ನೋಡಿದ್ರೆ ಯಾರು ಗೆದ್ದರು ಅಂತ ಕಣ್ಣಿಗೇ ಕಾಣತ್ತೆ. ಒಂದೇ ವ್ಯತ್ಯಾಸ ಏನಂದ್ರೆ ಹತ್ತು ಯೂಕೊ ಆದ್ರೂ ದಶಕ ಬರಲ್ಲ.

ರೆಫರಿ ಕೈ ನೋಡೋದು ರೂಢಿ ಮಾಡ್ಕೊಳ್ಳಿ, ಬೋರ್ಡ್ ಬೇಕಾಗಲ್ಲ. ಕೈ ನೆಟ್ಟಗೆ ತಲೆ ಮೇಲಕ್ಕೆ ಹೋದ್ರೆ ಇಪ್ಪಾನ್. ಪಕ್ಕಕ್ಕೆ ಭುಜದ ಎತ್ತರಕ್ಕೆ, ಅಂಗೈ ಕೆಳಗೆ, ವಜಾ-ಅರಿ. ಅದಕ್ಕಿಂತ ಕೆಳಗೆ ಓರೆಯಾಗಿ ಚಾಚಿದ್ರೆ ಯೂಕೊ. ತಲೆ ಮೇಲೆ ಕೈ ಆ ಕಡೆ ಈ ಕಡೆ ಬೀಸಿದ್ರೆ ‘ಈಗ ಕೊಟ್ಟಿದ್ದು ವಾಪಸ್’ ಅಂತ. ಕಿವಿಯಲ್ಲಿ ಇಯರ್‌ಫೋನ್ ಇರತ್ತೆ, ವಿಡಿಯೋ ನೋಡ್ತಿರೋ ಮೇಲ್ವಿಚಾರಕರು ಹೇಳಿದ ತಕ್ಷಣ ಬದಲಾಯಿಸ್ತಾರೆ.

ಗದಾಧಾರಿ
ನಮ್ಮ ಕುಸ್ತಿನೇ ಚಲೋ ಬಿಡ್ರಿ. ಫ್ರೀಸ್ಟೈಲ್‌ನ್ಯಾಗ ಪಾಯಿಂಟ್ ಕೂಡಿಸ್ತೀವಿ, ಹತ್ತು ಪಾಯಿಂಟ್ ಮುಂದ ಹೋದ್ರ ಅಲ್ಲೇ ಗೆದ್ದ. ದುಡಿದಷ್ಟು ಕೂಲಿ. ಇಲ್ಲಿ ಇಡೀ ಪಂದ್ಯ ದುಡಿದವ ಒಂದ್ ಸಲ ಜಾರಿದ್ರ ಹೋದ. ಇದೇನ್ ನ್ಯಾಯ?

ನೀಲಿಗೀ
ಅಣ್ಣಾ, ಕುಸ್ತಿಯಲ್ಲೂ ಚಿತ್ ಮಾಡಿದ್ರೆ ಪಾಯಿಂಟ್ ಎಷ್ಟಿದ್ರೂ ಮುಗೀತಲ್ಲ?

ಗದಾಧಾರಿ
ಅದು ಬ್ಯಾರೆ. ಚಿತ್ ಮಾಡೂದಂದ್ರ ಹಿಡಿದು ಒತ್ತಿ ಇಡಬೇಕು. ಇಲ್ಲಿ ಬೆನ್ನು ನೆಲಾ ಮುಟ್ಟಿತು, ಮುಗೀತು.

ನೀಲಿಗೀ
ಬೆನ್ನು ಮುಟ್ಟಿದ್ರೆ ಸಾಕು ಅಂತ ಯಾರು ಹೇಳಿದ್ರು? ಮೇಲೆ ನಾಲ್ಕು ಷರತ್ತು ಬರೆದಿದ್ದೀನಿ. ಆಟದ ಸ್ವಾರಸ್ಯ ಇರೋದೇ ಅದರಲ್ಲಿ. ನೀವು ಎಷ್ಟೇ ಮುಂದಿರಿ, ಕೊನೇ ಸೆಕೆಂಡ್‌ವರೆಗೂ ಎದುರಿನವನಿಗೆ ಗೆಲ್ಲೋ ದಾರಿ ತೆರೆದೇ ಇರತ್ತೆ.

ಪ್ಯಾರಿಸ್ 2024 ನೆನಪಿದೆಯಾ? ಉತಾ ಅಬೆ. ಟೋಕಿಯೋದಲ್ಲಿ ಚಿನ್ನ ಗೆದ್ದಿದ್ದವಳು, 52 ಕೆಜಿ ವಿಭಾಗ. ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೊರೊವಾ ಮೇಲೆ ಒಂದು ವಜಾ-ಅರಿ ಮುಂದಿದ್ದಳು. ಆಮೇಲೆ ಒಂದೇ ಎಸೆತ, ಇಪ್ಪಾನ್. ಅವಳು ಹಾಗೆ ಕಿರುಚಿ ಅತ್ತಿದ್ದನ್ನ ನೋಡಿ ಇಡೀ ಕ್ರೀಡಾಂಗಣ ಅವಳ ಹೆಸರು ಕೂಗ್ತು. ಕೆಲ್ದಿಯೊರೊವಾ ಚಿನ್ನ ತಗೊಂಡೇ ಹೋದಳು.

ಮ್ಯಾಟ್_ಅಮ್ಮ
ಅಬೆ ವಿಷಯ ಬಂತು ಅಂತ ಕೇಳ್ತೀನಿ. ಅವಳು ಕಂಚಿಗೂ ಆಡಲಿಲ್ಲ ಯಾಕೆ? ಜೂಡೋದಲ್ಲಿ ಸೋತವರಿಗೂ ಇನ್ನೊಂದು ಅವಕಾಶ ಇರತ್ತೆ ಅಂತ ನಮ್ಮ ಮಗಳ ಕೋಚ್ ಹೇಳ್ತಿದ್ರು.

ಟೇಬಲ್_ಡ್ಯೂಟಿ
ಅದು ಎಲ್ಲರಿಗೂ ಅಲ್ಲ ಮೇಡಂ. ರೆಪೆಷಾಜ್ ಅನ್ನೋದು ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ನಾಲ್ವರಿಗೆ ಮಾತ್ರ. ಅವರು ಇಬ್ಬಿಬ್ಬರಾಗಿ ಆಡ್ತಾರೆ. ಅಲ್ಲಿ ಗೆದ್ದವರು ಡ್ರಾದ ಇನ್ನೊಂದು ಅರ್ಧದ ಸೆಮಿಫೈನಲ್‌ನಲ್ಲಿ ಸೋತವರ ಎದುರು ಕಂಚಿಗೆ ಇಳೀತಾರೆ. ಹಾಗಾಗಿ ಕಂಚು ಎರಡು. ಅಬೆ ಕ್ವಾರ್ಟರ್‌ಫೈನಲ್‌ಗೆ ಮೊದಲೇ ಸೋತಳು, ಹಾಗಾಗಿ ಅವಳ ದಿನ ಅಲ್ಲಿಗೇ ಮುಗೀತು.

ಸ್ಥಳೀಯ ಟೂರ್ನಿಗಳಲ್ಲಿ ಬೇರೆ ಥರ ಇರಬಹುದು. ಮಗಳ ಕೋಚ್‌ನ ಡ್ರಾ ಹಾಕೋಕೆ ಮುಂಚೆನೇ ಕೇಳಿಟ್ಟುಕೊಳ್ಳಿ.

ಮ್ಯಾಟ್_ಅಮ್ಮ
ಸರಿ, ಕೇಳ್ತೀನಿ. ಹೋದ ಸಲ ಸೋತ ತಕ್ಷಣ ಬಟ್ಟೆ ಬದಲಾಯಿಸಿಬಿಟ್ಟಿದ್ಳು, ಆಮೇಲೆ ಮತ್ತೆ ಮೈಕಲ್ಲಿ ಹೆಸರು ಕೂಗಿದ್ರು. ಬೆಲ್ಟ್ ಕಟ್ಟಿಕೊಳ್ತಾ ಓಡಿದ್ಳು ಪಾಪ.

ಮೂರನೇಶಿಡೊ
ಎಲ್ಲರೂ ಇಪ್ಪಾನ್ ಭಜನೆ ಮಾಡ್ತಿದ್ದೀರಿ. ಅವರು ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಬ್ಬರದೂ ಸೊನ್ನೆ, ಒಬ್ಬ ಸೋತ. ಶಿಡೊ ಸ್ವಾಮಿ, ಶಿಡೊ, ಅಂದ್ರೆ ತಪ್ಪಿಗೆ ರೆಫರಿ ಕೊಡೋ ದಂಡ! ಇವತ್ತಿನ ಜೂಡೋ ಹಾಳಾಗಿರೋದೇ ಅದರಿಂದ.

ಮೂರು ಶಿಡೊ ಬಿದ್ರೆ ಹನ್ಸೊಕು-ಮಾಕೆ, ಅಂದ್ರೆ ಅನರ್ಹ, ಎದುರಿನವನು ಗೆದ್ದ. 2017ಕ್ಕೆ ಮುಂಚೆ ನಾಲ್ಕರವರೆಗೂ ಬಿಡ್ತಿದ್ರು, ಈಗ ಮೂರಕ್ಕೇ ಮನೆಗೆ. ಯಾತಕ್ಕೆ ಕೊಡ್ತಾರೆ ಅಂತ ಕೇಳಿ: ದಾಳಿ ಮಾಡ್ತಿಲ್ಲ ಅಂತ ಒಂದು, ಸುಳ್ಳು ದಾಳಿ ಮಾಡ್ದೆ ಅಂತ ಒಂದು, ಗೆರೆ ಆಚೆ ಕಾಲಿಟ್ಟೆ ಅಂತ ಒಂದು, ಬಗ್ಗಿಕೊಂಡು ಬರೀ ತಡೀತಿದ್ದೀಯ ಅಂತ ಇನ್ನೊಂದು. ನನ್ನ ಕಣ್ಣೆದುರೇ ಒಬ್ಬ ಹುಡುಗ ಒಳ್ಳೇ ವಜಾ-ಅರಿ ತಗೊಂಡು ಮುಂದಿದ್ದ. ಕೊನೇ ಅರ್ಧ ನಿಮಿಷ ಹಿಂದೆ ಹಿಂದೆ ಹೋದ, ಅಷ್ಟೇ. ಆಗಲೇ ಎರಡಿತ್ತು, ಮೂರನೇದು ಬಿತ್ತು. ಅವನು ಒಂದು ಸಲಾನೂ ಬಿದ್ದಿರಲಿಲ್ಲ! ಎದುರಿನವನು ಏನೂ ಮಾಡದೆ ಗೆದ್ದ.

ನೀಲಿಗೀ
‘ಹಿಂದೆ ಹಿಂದೆ ಹೋದ, ಅಷ್ಟೇ’ ಅಂತೀರಲ್ಲ, ಅದೇ ತಪ್ಪು. ಮುಂದಿದ್ದೀನಿ ಅಂತ ಅರ್ಧ ನಿಮಿಷ ಓಡಾಡಿಕೊಂಡು ಕಳೆಯೋಕೆ ಬಿಟ್ರೆ ಎಲ್ಲರೂ ಅದನ್ನೇ ಮಾಡ್ತಾರೆ. ಮೊದಲ ವಜಾ-ಅರಿ ಬಿದ್ದ ಮೇಲೆ ಪಂದ್ಯ ನೋಡೋಕೆ ಏನಿರತ್ತೆ?

ಒಂದು ಮಾತು ಸೇರಿಸ್ತೀನಿ. ಶಿಡೊ ಬಿದ್ದರೆ ಎದುರಿನವನ ಖಾತೆಗೆ ಸ್ಕೋರ್ ಸೇರಲ್ಲ. ಸಮಯ ಮುಗಿದಾಗ ಸ್ಕೋರ್ ಸಮ ಇದ್ದು ಒಬ್ಬನಿಗೆ ಎರಡು ಶಿಡೊ, ಇನ್ನೊಬ್ಬನಿಗೆ ಒಂದೂ ಇಲ್ಲ ಅಂದ್ರೂ ಅದರ ಮೇಲೆ ತೀರ್ಪು ಕೊಡಲ್ಲ, ಗೋಲ್ಡನ್ ಸ್ಕೋರ್‌ಗೆ ಹೋಗತ್ತೆ. ಎರಡರವರೆಗೂ ಎಚ್ಚರಿಕೆ, ಮೂರನೇದೇ ಕತ್ತಿ.

ಮೂರನೇಶಿಡೊ
ಬಾಯಲ್ಲಿ ಎಚ್ಚರಿಕೆ, ಮ್ಯಾಟ್ ಮೇಲೆ ಆಯುಧ. ಎದುರಾಳಿಗೆ ಎರಡಾಗಿದೆ ಅಂತ ಗೊತ್ತಾದ್ರೆ ಅವನನ್ನ ಕೆಡವೋ ಯೋಚನೆ ಯಾರು ಮಾಡ್ತಾರೆ? ಕಾಲರ್ ಹಿಡಿದು ಗೆರೆ ಕಡೆ ತಳ್ಳಿಕೊಂಡು ಹೋಗೋದು, ಆಮೇಲೆ ರೆಫರಿ ಮುಖ ನೋಡೋದು. ಇದು ಜೂಡೋನಾ?

ಟೇಬಲ್_ಡ್ಯೂಟಿ
ತಳ್ಳಿ ಹೊರಗೆ ಹಾಕಿದ್ರೆ ತಳ್ಳಿದವನಿಗೇ ಶಿಡೊ. ಅದನ್ನ ನೋಡೋಕೇ ರೆಫರಿ ಪಕ್ಕಕ್ಕೆ ಸರಿದು ಇಬ್ಬರ ಕಾಲೂ ಕಾಣೋ ಹಾಗೆ ನಿಲ್ಲೋದು. ಆದ್ರೂ ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಭಾರೀ ತೂಕದ ಪಂದ್ಯಗಳಲ್ಲಿ ಇಬ್ಬರೂ ಸುಸ್ತಾಗಿರುವಾಗ ಶಿಡೊಗೋಸ್ಕರ ಆಡೋದು ಎದ್ದು ಕಾಣತ್ತೆ.

ಹಳೇಕೊಕಾ
ನೀವೆಲ್ಲ ಹೊಸಬರು. ನಮ್ಮ ಕಾಲದಲ್ಲಿ ಕೊಕಾ ಅಂತಾನೂ ಇತ್ತು, ಯೂಕೊಗಿಂತ ಕೆಳಗೆ. ತೊಡೆ ಮೇಲೋ ಕುಂಡಿ ಮೇಲೋ ಬಿದ್ರೂ ಕೊಡ್ತಿದ್ರು. ಬೀಜಿಂಗ್ 2008 ಆದ ಮೇಲೆ ತೆಗೆದ್ರು. 2017ಕ್ಕೆ ಯೂಕೊನೂ ತೆಗೆದ್ರು, ಅದೇ ವರ್ಷ ಎರಡು ವಜಾ-ಅರಿ ಸೇರಿ ಇಪ್ಪಾನ್ ಆಗೋದನ್ನೂ ನಿಲ್ಲಿಸಿದ್ರು. ಒಬ್ಬ ನಾಲ್ಕು ವಜಾ-ಅರಿ ತಗೊಂಡ್ರೂ ಪಂದ್ಯ ನಡೀತಾನೇ ಇರೋದು! 2018ರಲ್ಲಿ ಅದನ್ನ ವಾಪಸ್ ತಂದ್ರು. 2025ರಲ್ಲಿ ಯೂಕೊನೂ ವಾಪಸ್ ಬಂತು. ನಾಳೆ ಕೊಕಾನೂ ಬರತ್ತೆ ನೋಡ್ತಾ ಇರಿ. ಬಟ್ಟೆ ಮಡಚಿ ಎತ್ತಿಡೋಕೂ ಬಿಡಲ್ಲ ಇವರು.

ಸೋಫಾಪೈಲ್ವಾನರೇ, ಯೂಟ್ಯೂಬಲ್ಲಿ ನೋಡುವಾಗ ಮೊದಲು ವರ್ಷ ನೋಡಿ. 2012ರ ಪಂದ್ಯಕ್ಕೆ ಇವತ್ತಿನ ಲೆಕ್ಕ ಹಾಕಿದ್ರೆ ತಲೆ ಕೆಡೋದೇ.

ಅಲೆಮಾರಿ
ಯೂಕೊ ವಾಪಸ್ ತಂದದ್ದು ಒಳ್ಳೆದೇ ಆಯ್ತು. ನಡುವೆ ವಜಾ-ಅರಿ ಅಂದ್ರೆ ಗೋಣಿಚೀಲದ ಹಾಗೆ ಆಗಿತ್ತು, ಇಪ್ಪಾನ್‌ಗೆ ಕೂದಲೆಳೆ ಕಮ್ಮಿ ಬಿದ್ದದ್ದೂ ಅದರಲ್ಲೇ, ಸುಮ್ಮನೆ ಪಕ್ಕಕ್ಕೆ ಉರುಳಿದ್ದೂ ಅದರಲ್ಲೇ.

ನೀಲಿಗೀ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಹಳೇಕೊಕಾ
ನನ್ನದಿಲ್ಲ. ಚಿಲ್ಲರೆ ಸ್ಕೋರ್ ಇದ್ದಷ್ಟೂ ಚಿಲ್ಲರೆ ಜೂಡೋ. ಒಂದು ಯೂಕೊ ತಗೊಂಡು ಗಡಿಯಾರ ನೋಡ್ತಾ ನಿಲ್ಲೋ ರೋಗ ಮತ್ತೆ ಶುರುವಾಗತ್ತೆ.

ಮೂರನೇಶಿಡೊ
ನಿಂತರೆ ಶಿಡೊ ಇದೆಯಲ್ಲ, ನಿಮ್ಮ ನೀಲಿಗೀ ಸಾಹೇಬರ ಔಷಧ 😄

ಸೋಫಾಪೈಲ್ವಾನ
ಗೋಲ್ಡನ್ ಸ್ಕೋರ್ ಅಂದ್ರಲ್ಲ, ಅದೇನು? ಫುಟ್‌ಬಾಲ್‌ದ ಎಕ್ಸ್‌ಟ್ರಾ ಟೈಮ್ ಥರಾನಾ?

ಟೇಬಲ್_ಡ್ಯೂಟಿ
ಹಿರಿಯರ ಪಂದ್ಯ ನಾಲ್ಕು ನಿಮಿಷ, ಗಂಡಸರಿಗೂ ಹೆಂಗಸರಿಗೂ. ಗಂಡಸರದು 2017ರ ಮುಂಚೆ ಐದಿತ್ತು. ಆ ನಾಲ್ಕು ನಿಮಿಷ ಸಮಬಲ ಆದ್ರೆ ಗೋಲ್ಡನ್ ಸ್ಕೋರ್: ಮೊದಲು ಸ್ಕೋರ್ ಮಾಡಿದವನು ಗೆದ್ದ, ಅಥವಾ ಮೂರನೇ ಶಿಡೊ ತಗೊಂಡವನು ಸೋತ. ಮೊದಲಿನ ಶಿಡೊಗಳು ಅಳಿಸಿಹೋಗಲ್ಲ, ಜೊತೆಗೇ ಬರತ್ತೆ. ಬೋರ್ಡಲ್ಲಿ ಗಡಿಯಾರ ಇಳಿಯೋದು ನಿಂತು ಏರೋಕೆ ಶುರುವಾಗತ್ತೆ, ಕೊನೆ ಅಂತ ಇಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 70 ಕೆಜಿ ಸೆಮಿಫೈನಲ್, ಚಿಜುರು ಅರಾಯ್ ಮತ್ತು ಮದೀನಾ ತಾಯ್ಮಜೋವಾ. ಎಲ್ಲಾ ಸೇರಿ 16 ನಿಮಿಷದ ಮೇಲೆ ಹೋಯ್ತು. ಕೊನೆಗೆ ಅರಾಯ್ ಕತ್ತು ಬಿಗಿದು ಮುಗಿಸಿದಳು. ಅಷ್ಟು ಸುಸ್ತಾದ ಮೇಲೂ ತಾಯ್ಮಜೋವಾ ಹೋಗಿ ಕಂಚು ಗೆದ್ದಳು, ಅರಾಯ್ ಚಿನ್ನ.

ಹಳೇಕೊಕಾ
ಅದಕ್ಕೆ ಮುಂಚೆ ಬಾವುಟ ಎತ್ತೋರು. ಗೋಲ್ಡನ್ ಸ್ಕೋರ್‌ಗೂ ಒಂದು ಮಿತಿ ಇತ್ತು, ಅದರಲ್ಲೂ ತೀರ್ಮಾನ ಆಗದಿದ್ರೆ ಮೂವರು ತೀರ್ಪುಗಾರರು ಬಿಳಿಯೋ ನೀಲಿಯೋ ಬಾವುಟ ಎತ್ತಬೇಕು. ಲಂಡನ್ 2012ರಲ್ಲಿ 66 ಕೆಜಿ ಕ್ವಾರ್ಟರ್‌ಫೈನಲ್, ಜಪಾನಿನ ಎಬಿನುಮಾ, ಕೊರಿಯಾದ ಚೊ ಜುನ್-ಹೊ. ಮೂರಕ್ಕೆ ಮೂರು ನೀಲಿ ಬಾವುಟ ಎದ್ದಿತು, ಕೊರಿಯಾದವನು ಗೆದ್ದ. ಜನ ಬೊಬ್ಬೆ ಹಾಕಿದ್ರು. ಮೇಲಿನವರು ಮೂವರನ್ನೂ ಕರೆದು ಏನೋ ಮಾತಾಡಿದ್ರು. ವಾಪಸ್ ಬಂದು ಅದೇ ಮೂವರು ಮೂರು ಬಿಳಿ ಬಾವುಟ ಎತ್ತಿದ್ರು! ಇಬ್ಬರಿಗೂ ಕೊನೆಗೆ ಕಂಚು ಸಿಕ್ಕಿತು ಅನ್ನಿ. ಮುಂದಿನ ವರ್ಷದಿಂದ ಬಾವುಟಾನೂ ಹೋಯ್ತು, ಗೋಲ್ಡನ್ ಸ್ಕೋರಿನ ಮಿತಿನೂ ಹೋಯ್ತು.

ಗದಾಧಾರಿ
ಹಿಂಗ ಮಾಡಿದ್ರ ನಮ್ಮ ಕಡೆ ಕುರ್ಚಿ ಹಾರ್ತಿದ್ವು.

ಮ್ಯಾಟ್_ಅಮ್ಮ
ವಿಡಿಯೋ ಇಲ್ಲದ ಕಾಲ ಹೇಗಿತ್ತೋ. ಈಗಲೂ ಗ್ಯಾಲರಿಯಿಂದ ನೋಡಿದ್ರೆ ಯಾರು ಯಾರನ್ನ ಎಸೆದ್ರು ಅಂತಾನೇ ನನಗೆ ಗೊತ್ತಾಗಲ್ಲ. ಇಬ್ಬರೂ ಒಟ್ಟಿಗೆ ಬೀಳ್ತಾರೆ.

ನೀಲಿಗೀ
ರೆಫರಿಗಳಿಗೇ ಗೊತ್ತಾಗದೇ ಹೋಗಿದ್ದುಂಟು ಮೇಡಂ. ಸಿಡ್ನಿ 2000, ಭಾರೀ ತೂಕದ ಫೈನಲ್. ಫ್ರಾನ್ಸಿನ ದಾವೀದ್ ದುಯೆ ಉಚಿ-ಮಾತಾ ಅನ್ನೋ ಪಟ್ಟು ಹಾಕೋಕೆ ಕಾಲು ಒಳಗೆ ಬೀಸಿದ. ಜಪಾನಿನ ಶಿನೊಹರಾ ಆ ಕಾಲನ್ನ ಖಾಲಿ ಹೋಗೋಕೆ ಬಿಟ್ಟು, ಅವನ ವೇಗದಲ್ಲೇ ತಿರುಗಿಸಿ ಕೆಡವಿದ. ಇಬ್ಬರೂ ಒಟ್ಟಿಗೆ ನೆಲಕ್ಕೆ. ಶಿನೊಹರಾ ಗೆದ್ದೆ ಅಂತ ಕೈ ಎತ್ತಿದ, ಮೂಲೆಯ ತೀರ್ಪುಗಾರರಲ್ಲಿ ಒಬ್ಬರು ಅವನಿಗೆ ಇಪ್ಪಾನ್ ತೋರಿಸಿದ್ರು. ಉಳಿದಿಬ್ಬರು ದುಯೆಗೆ ಯೂಕೊ ಕೊಟ್ಟರು. ಶಿನೊಹರಾ ಬೆಳ್ಳಿ ತಗೊಂಡು ಹೋದ. ಜಪಾನ್ ದೂರು ಕೊಟ್ಟರೂ ಫಲಿತಾಂಶ ಬದಲಾಗಲಿಲ್ಲ.

ಎಸೆತ ಯಾರದು ಅನ್ನೋದಕ್ಕೆ ಯಾರು ಮೊದಲು ಶುರು ಮಾಡಿದರು ಅನ್ನೋದು ಮುಖ್ಯ ಅಲ್ಲ. ಬೀಳೋ ಹೊತ್ತಿಗೆ ಮೈ ಯಾರ ಹಿಡಿತದಲ್ಲಿತ್ತು, ಅದನ್ನ ನೋಡಬೇಕು.

ಸೋಫಾಪೈಲ್ವಾನ
ನೆಲದ ಮೇಲೆ ಬಿದ್ದು ಹೊರಳಾಡುವಾಗ ಏನು ನಡೀತಿರತ್ತೆ? ಅಲ್ಲಿ ನನಗೆ ನಿದ್ದೆ ಬರತ್ತೆ.

ಟೇಬಲ್_ಡ್ಯೂಟಿ
ನಿದ್ದೆನಾ! ಟೇಬಲ್ ಹತ್ತಿರ ಕೂತೋರಿಗೆ ಬೆವರು ಬರೋದೇ ಆಗ.

ಎದುರಾಳಿಯ ಬೆನ್ನು ನೆಲಕ್ಕೆ ಒತ್ತಿ ಹಿಡಿದ್ರೆ ರೆಫರಿ ಮುಂದಕ್ಕೆ ಬಾಗಿ ಕೈ ಚಾಚಿ ‘ಒಸಾಯೆಕೊಮಿ’ ಅಂತಾರೆ. ಆ ಶಬ್ದ ಕಿವಿಗೆ ಬಿದ್ದ ಕ್ಷಣ ನಾವು ಎರಡನೇ ಗಡಿಯಾರ ಒತ್ತಬೇಕು. ಈಗಿನ ನಿಯಮದಲ್ಲಿ 5 ಸೆಕೆಂಡಿಗೆ ಯೂಕೊ, 10ಕ್ಕೆ ವಜಾ-ಅರಿ, 20 ಆದ್ರೆ ಇಪ್ಪಾನ್. ಆಗಲೇ ಒಂದು ವಜಾ-ಅರಿ ಕೈಲಿದ್ದವನಿಗೆ ಹತ್ತೇ ಸೆಕೆಂಡ್ ಸಾಕು, ಎರಡೂ ಸೇರಿ ಇಪ್ಪಾನ್. ಕೆಳಗಿರೋನು ಸುಮ್ಮನೆ ಒದ್ದಾಡ್ತಿದ್ದಾನೆ ಅಂತ ನಿಮಗೆ ಕಾಣತ್ತೆ, ಅವನು ಹುಡುಕ್ತಿರೋದು ಮೇಲಿರೋನ ಕಾಲನ್ನ. ತನ್ನ ಎರಡು ಕಾಲ ನಡುವೆ ಆ ಒಂದು ಕಾಲು ಸಿಕ್ಕಿಸಿಕೊಂಡ್ರೆ ರೆಫರಿ ‘ತೊಕೆತಾ’ ಅಂತಾರೆ, ಎಣಿಕೆ ನಿಂತಿತು. ಒಂದು ಫೈನಲ್‌ನಲ್ಲಿ ನಾನು ಗಡಿಯಾರದ ಮೇಲೆ ಬೆರಳಿಟ್ಟು ಕೂತಿದ್ದೆ. ಹತ್ತೊಂಬತ್ತು ಕಾಣ್ತಿದೆ, ಕೆಳಗಿರೋನ ಹಿಮ್ಮಡಿ ಮೇಲಿರೋನ ಮೀನಖಂಡಕ್ಕೆ ಕೊಕ್ಕೆ ಥರ ಸಿಕ್ಕಿತು, ತೊಕೆತಾ. ಎರಡೂ ಕಡೆ ಕೋಚ್‌ಗಳು ನನ್ನ ಕಡೆ ತಿರುಗಿ ಕೂಗೋಕೆ ಶುರು ಮಾಡಿದ್ರು. ನಾನೇನು ಮಾಡ್ಲಿ, ರೆಫರಿ ಹೇಳಿದಾಗ ಒತ್ತೋದು, ಹೇಳಿದಾಗ ಬಿಡೋದು.

ನೀಲಿಗೀ
ಹಿಡಿದಿಡೋದು ಬಿಟ್ಟು ಇನ್ನೆರಡು ದಾರಿ: ಮೊಣಕೈ ಕೀಲು ಮಡಚೋದು, ಕತ್ತು ಬಿಗಿಯೋದು. ಎದುರಾಳಿ ಕೈ ತಟ್ಟಿದ್ರೆ ಅಥವಾ ಪ್ರಜ್ಞೆ ತಪ್ಪಿದ್ರೆ ಇಪ್ಪಾನ್. ಕೀಲು ಅಂದ್ರೆ ಮೊಣಕೈ ಮಾತ್ರ, ಮಂಡಿ, ಮಣಿಕಟ್ಟು ಮುಟ್ಟೋ ಹಾಗಿಲ್ಲ.

ಮೂರನೇಶಿಡೊ
ಪ್ರಜ್ಞೆ ಅಂದ ಕೂಡಲೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಜಪಾನಿನ ನಾಗಯಾಮ ನೆನಪಾದ. 60 ಕೆಜಿ, ಸ್ಪೇನಿನ ಗಾರಿಗೋಸ್ ಕತ್ತು ಬಿಗಿದಿದ್ದಾನೆ, ರೆಫರಿ ‘ಮತ್ತೆ’ ಅಂದ್ರು, ಅಂದ್ರೆ ನಿಲ್ಲಿಸು ಅಂತ. ಆಮೇಲೂ ಹಿಡಿತ ಬಿಡಲಿಲ್ಲ. ನಾಗಯಾಮ ಎಚ್ಚರ ತಪ್ಪಿದ, ಇಪ್ಪಾನ್ ಸ್ಪೇನಿಗೆ. ‘ಮತ್ತೆ’ ಅಂದ ಮೇಲೆ ಆದದ್ದಕ್ಕೆ ಇಪ್ಪಾನ್ ಹೇಗೆ?

ಟೇಬಲ್_ಡ್ಯೂಟಿ
ಆ ಗದ್ದಲದಲ್ಲಿ ಕೇಳಿಸಲಿಲ್ಲ ಅನ್ನೋದು ಗಾರಿಗೋಸ್ ಕಡೆಯ ಮಾತು. ನನ್ನ ಕೇಳಿದ್ರೆ ರೆಫರಿ ಬಾಯಲ್ಲಿ ಹೇಳಿ ಸುಮ್ಮನಿರಬಾರದು, ಹೋಗಿ ಮುಟ್ಟಿ ಬಿಡಿಸಬೇಕು. ನಾಗಯಾಮ ಮ್ಯಾಟ್ ಬಿಟ್ಟು ಇಳಿಯೋಕೆ ಒಪ್ಪಲಿಲ್ಲ, ಆದ್ರೂ ರೆಪೆಷಾಜ್‌ಗೆ ಬಂದು ಕಂಚು ಗೆದ್ದ. ಅದೇ ವಿಭಾಗದ ಇನ್ನೊಂದು ಕಂಚು ಗಾರಿಗೋಸ್‌ಗೆ. ಇಬ್ಬರೂ ಒಂದೇ ವೇದಿಕೆ ಮೇಲೆ.

ಅಲೆಮಾರಿ
ಅದೇ ಒಲಿಂಪಿಕ್ಸ್‌ನ ಮಿಶ್ರ ತಂಡದ ಫೈನಲ್ ನೋಡಿದ್ರಾ? ಫ್ರಾನ್ಸ್, ಜಪಾನ್ 3-3. ಏಳನೇ ಪಂದ್ಯಕ್ಕೆ ಪರದೆ ಮೇಲೆ ಚಕ್ರ ತಿರುಗಿಸಿ ತೂಕದ ವಿಭಾಗ ಆರಿಸಿದ್ರು. ಬಂದದ್ದು 90 ಕೆಜಿ ಮೇಲ್ಪಟ್ಟ ಗಂಡಸರು, ಅಂದ್ರೆ ಫ್ರಾನ್ಸಿನ ಟೆಡ್ಡಿ ರಿನೇರ್! ಪ್ಯಾರಿಸ್‌ನಲ್ಲಿ, ಪ್ಯಾರಿಸ್ ಜನರ ಎದುರು. ಜಪಾನಿನ ಸೈತೊನನ್ನ ಮತ್ತೆ ಕೆಡವಿ ಚಿನ್ನ. ಚಕ್ರಕ್ಕೆ ಯಾರು ಎಣ್ಣೆ ಹಾಕಿದ್ರೋ ಮಾರಾಯ್ರೆ.

ನಿರ್ವಾಹಕ
ಚಕ್ರ, ಎಣ್ಣೆ, ಪಿತೂರಿ ಎಲ್ಲ ಬೇರೆ ಚರ್ಚೆಯಲ್ಲಿ. ಇಲ್ಲಿ ನಿಯಮದ ಬಗ್ಗೆ ಮಾತಾಡಿ.

ಅಲೆಮಾರಿ
ಆರು ವಿಭಾಗ ಇರುವಾಗ 3-3 ಆಗುವುದು, ಆಗ ಚೀಟಿ ಎತ್ತುವುದು, ಇದೂ ನಿಯಮವೇ ಅಲ್ವಾ?

ಸೋಫಾಪೈಲ್ವಾನ
ಈಗ ಇನ್ನೊಂದು ನೋಡಿದೆ. ಹಿಡಿದು ಒತ್ತಿದ್ದಾನೆ, ಅಷ್ಟರಲ್ಲಿ ಗಂಟೆ ಹೊಡೀತು, ನಾಲ್ಕು ನಿಮಿಷ ಮುಗೀತು. ಆದ್ರೂ ಬಿಡ್ತಿಲ್ಲ, ಎಣಿಕೆ ಓಡ್ತಾನೇ ಇದೆ! ಇದು ಮೋಸ ಅಲ್ವಾ?

ಟೇಬಲ್_ಡ್ಯೂಟಿ
ಮೋಸ ಅಲ್ಲ. ಗಂಟೆಗೆ ಮುಂಚೆ ‘ಒಸಾಯೆಕೊಮಿ’ ಅಂದಿದ್ರೆ ಇಪ್ಪಾನ್ ಆಗೋವರೆಗೋ ಬಿಡಿಸಿಕೊಳ್ಳೋವರೆಗೋ ಬಿಡ್ತಾರೆ. ಮುಖ್ಯ ಗಡಿಯಾರ ಸೊನ್ನೆಯಲ್ಲಿ ನಿಂತಿರತ್ತೆ, ಹಿಡಿತದ ಗಡಿಯಾರ ಮಾತ್ರ ನಡೀತಿರತ್ತೆ.

ಗದಾಧಾರಿ
ನಂದೊಂದ್ ಪ್ರಶ್ನೆ. ಎಸೆದಾಗ ನಾ ಬ್ರಿಡ್ಜ್ ಹಾಕಿದ್ರ? ತಲಿ, ಹಿಮ್ಮಡಿ ಊರಿ ಬೆನ್ನು ನೆಲಕ್ಕ ತಾಗದಂಗ ಮಾಡಿದ್ರ? ಆಗ ಹ್ಯಾಂಗ ಇಪ್ಪಾನ್ ಕೊಡ್ತೀರಿ?

ನೀಲಿಗೀ
ಕೊಡ್ತಾರೆ ಅಣ್ಣಾ. ಬ್ರಿಡ್ಜ್ ಮೇಲೆ ಇಳಿದ್ರೂ ಇಪ್ಪಾನೇ. ಇಲ್ಲಾಂದ್ರೆ ಸೋಲು ತಪ್ಪಿಸೋಕೆ ಎಲ್ಲರೂ ಕುತ್ತಿಗೆ ಒಡ್ಡಿ ಮುರಿದುಕೊಳ್ತಾರೆ. ಎಸೆಯೋನು ತಲೆ ಮುಂದೆ ಮಾಡಿ ನೆಲಕ್ಕೆ ಧುಮುಕಿದ್ರೂ ನೇರ ಹನ್ಸೊಕು-ಮಾಕೆ, ಅದೇ ಕಾರಣಕ್ಕೆ.

ಗದಾಧಾರಿ
ನಮ್ಮಲ್ಲೆ ಮೊದಲ ಕಲಸೂದ ಬ್ರಿಡ್ಜ್.

ನೀಲಿಗೀ
ಹಾಗಾದ್ರೆ ಜೂಡೋಗೆ ಬಂದ ಮೊದಲ ದಿನಾನೇ ಸೋಲ್ತೀರಿ.

ಗದಾಧಾರಿ
ಕಾಲು ಹಿಡಿಯಾಕರ ಬಿಡ್ತೀರಿ ಏನು?

ಹಳೇಕೊಕಾ
ಅಯ್ಯೋ, ಆ ವಿಷಯ ಎತ್ತಬೇಡಿ. 2010ರಲ್ಲಿ ಅರ್ಧ ನಿಲ್ಲಿಸಿದ್ರು, 2013ರಲ್ಲಿ ಪೂರ್ತಿ. ನನ್ನ ಅರ್ಧ ಪಟ್ಟುಗಳು ಅಲ್ಲೇ ಹೋದವು. ಅದಕ್ಕೊಂದು ಬೇರೆ ಥ್ರೆಡ್ ಬೇಕು, ರಾತ್ರಿ ಊಟ ಆದ ಮೇಲೆ ಶುರು ಮಾಡ್ತೀನಿ.